ಕಾಡಿನ ಕೆಲಸಕ್ಕೆ ಜನ ಬೇಕು: ಸೀಸನ್ ಶುರುವಾಗುವ ಮುಂಚೆ ಆಡಬೇಕಾದ ಮಾತು

(ಮೈಸೂರಿನಲ್ಲಿ ಪ್ರಾಣಿಶಾಸ್ತ್ರ, ಪರಿಸರ ವಿಜ್ಞಾನ ಓದುತ್ತಿರುವವರು ಮತ್ತು ವನ್ಯಜೀವಿ ಅಧ್ಯಯನಗಳನ್ನು ನಡೆಸುವವರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ.)

ಎಲ್ಲರಿಗೂ ನಮಸ್ಕಾರ.

ಈ ಹಾಲ್‌ನಲ್ಲಿ ಎರಡು ಥರದವರು ಕೂತಿದ್ದೀರಿ. ಹಿಂದಿನ ಸಾಲುಗಳಲ್ಲಿ ಇರುವವರು ಎಂ.ಎಸ್ಸಿ. ಮುಗಿಸುತ್ತಿರುವವರು, ಇಲ್ಲವೇ ಈಗಷ್ಟೇ ಮುಗಿಸಿದವರು. ನೀವೆಲ್ಲ ಕೇಳುವ ಪ್ರಶ್ನೆ ಒಂದೇ: "ಕಾಡಿನ ಕೆಲಸ ಎಲ್ಲಿ ಸಿಗುತ್ತೆ?" ಮುಂದಿನ ಸಾಲಿನವರು ಪ್ರಾಜೆಕ್ಟ್ ನಡೆಸುವವರು. ನಿಮ್ಮದೂ ಒಂದೇ ಮಾತು: "ಒಳ್ಳೇ ಜನ ಸಿಗ್ತಾನೇ ಇಲ್ಲ." ಇಬ್ಬರೂ ಇರುವುದು ಒಂದೇ ಊರಿನಲ್ಲಿ. ಒಂದು ಕಡೆ ನಾಗರಹೊಳೆ, ಇನ್ನೊಂದು ಕಡೆ ಬಂಡೀಪುರ, ಆಚೆಗೆ ಬಿಳಿಗಿರಿರಂಗನ ಬೆಟ್ಟ. ಮೂರೂ ಹುಲಿ ಸಂರಕ್ಷಿತ ಪ್ರದೇಶಗಳು. ಊರು ದಾಟಿದರೆ ರಂಗನತಿಟ್ಟು. 1996ರಲ್ಲಿ ಶುರುವಾದ ನೇಚರ್ ಕನ್ಸರ್ವೇಷನ್ ಫೌಂಡೇಷನ್‌ನ ಮುಖ್ಯ ಕಚೇರಿ ಇಲ್ಲೇ ಇದೆ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಕೋತಿಗಳ ನಡವಳಿಕೆಯ ಮೇಲೆ ದಶಕಗಳ ಕಾಲ ಕೆಲಸ ನಡೆದಿದೆ. ಇಷ್ಟೆಲ್ಲ ಇದ್ದೂ ಕೆಲಸ ಹುಡುಕುವವರು, ಕೆಲಸ ಕೊಡುವವರು ಒಬ್ಬರಿಗೊಬ್ಬರು ಸಿಗುತ್ತಿಲ್ಲ ಅಂದರೆ ನಾವು ಹುಡುಕುವ ರೀತಿಯಲ್ಲೇ ಕೊರತೆ ಇದೆ.

ನಾನು ಹೇಳಬೇಕು ಅಂತ ಬಂದಿರುವುದು ಇದು: ನಾವು ಜನರನ್ನು ಹೇಗೆ ಸೇರಿಸಿಕೊಳ್ಳುತ್ತೇವೋ ನಮ್ಮ ಡೇಟಾ ಹಾಗೇ ಇರುತ್ತದೆ. ನೇಮಕಾತಿ ಅಂದರೆ ಆಫೀಸಿನ ಕೆಲಸ, ವಿಜ್ಞಾನ ಅದಾದ ಮೇಲೆ ಶುರುವಾಗುತ್ತದೆ ಅನ್ನುವ ಭಾವನೆ ನಮ್ಮಲ್ಲಿ ತುಂಬಾ ಜನಕ್ಕೆ ಇದೆ. ನಾನು ಅದನ್ನು ಒಪ್ಪುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಮೊದಲು ಸೀಸನ್ ವಿಷಯ. ನಮ್ಮ ಕೆಲಸದ ಕ್ಯಾಲೆಂಡರ್ ಮಳೆಯ ಕೈಯಲ್ಲಿದೆ. ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ದಾಟಿದರೆ ತಾನೇ ಫೋಟೋ ತೆಗೆಯುವ ಕ್ಯಾಮೆರಾ) ಇಡುವುದು, ಟ್ರಾನ್ಸೆಕ್ಟ್ ಅಂದರೆ ಗುರುತು ಮಾಡಿದ ಗೆರೆಯ ಮೇಲೆ ಪ್ರಾಣಿ ಎಣಿಸುತ್ತಾ ನಡೆಯುವುದು ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗಿನ ಒಣ ತಿಂಗಳುಗಳಲ್ಲಿ. ಎಲೆ ಉದುರಿ ಕಾಡು ತೆರೆದುಕೊಂಡಿರುತ್ತದೆ, ಜೀಪ್ ದಾರಿ ಗಟ್ಟಿಯಾಗಿರುತ್ತದೆ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟಿ ಮರಿ ಮಾಡುವುದೂ ಹೆಚ್ಚುಕಡಿಮೆ ಇದೇ ಕಾಲದಲ್ಲಿ. ನಂಜನಗೂಡಿನ ಹತ್ತಿರದ ಹದಿನಾರು ಕೆರೆಗೆ ಪಟ್ಟೆತಲೆ ಹೆಬ್ಬಾತು ಬರುವುದು ಚಳಿಗಾಲಕ್ಕೆ. 1987ರಿಂದ ನಡೆಯುತ್ತಿರುವ ಏಷ್ಯಾದ ನೀರುಹಕ್ಕಿ ಗಣತಿ ಜನವರಿಯಲ್ಲಿ. ಫೆಬ್ರವರಿ ಬಂತು ಅಂದರೆ ಬೆಂಕಿಯ ಭಯ ಶುರು, ಅರಣ್ಯ ಇಲಾಖೆ ಸಿಬ್ಬಂದಿಗೆ ಬೇರೆ ಯಾವುದಕ್ಕೂ ಪುರುಸೊತ್ತಿರುವುದಿಲ್ಲ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಕಪ್ಪೆ ಅಧ್ಯಯನ ಮಾಡುವವರ ಸರದಿ. ರಾತ್ರಿ ತಲೆಗೆ ಲೈಟ್ ಕಟ್ಟಿಕೊಂಡು ತೊರೆ, ಹೊಂಡ ಸುತ್ತುವ ಕೆಲಸ ಅದು.

ಇದರಿಂದ ಆಗುವುದೇನು? ನವೆಂಬರ್ ಕೊನೆಗೆ ಎಲ್ಲರಿಗೂ ಒಟ್ಟಿಗೆ ಜನ ಬೇಕು. ಜೂನ್‌ನಲ್ಲಿ ಅದೇ ಜನ ಮನೆಯಲ್ಲಿ ಕೂತಿರುತ್ತಾರೆ. ಪ್ರಾಜೆಕ್ಟ್ ನಡೆಸುವವರು ಅನುಮತಿಗಾಗಿ ಕಾಯುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಕಲಮಿನ ಪ್ರಕಾರ ಸಂರಕ್ಷಿತ ಕಾಡಿನೊಳಗೆ ಅಧ್ಯಯನ ಮಾಡಲು ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಅದು ಬೇಕಾದದ್ದೇ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಪತ್ರ ಕೈಗೆ ಬರುವವರೆಗೆ ಜನರನ್ನು ಹುಡುಕುವುದೇ ಇಲ್ಲ ಅಂತ ಕೂತರೆ, ಪತ್ರ ಬಂದ ವಾರದಲ್ಲಿ ಯಾರು ಸಿಕ್ಕರೆ ಅವರನ್ನು ಜೀಪ್ ಹತ್ತಿಸಬೇಕಾಗುತ್ತದೆ. ಯಾರು ಸಿಗುತ್ತಾರೆ? ಗೊತ್ತಿದ್ದವರ ಗೊತ್ತಿದ್ದವರು. ವಾಟ್ಸಾಪ್‌ನಲ್ಲಿ ಒಂದು ಮೆಸೇಜು, "ನಾಳಿದ್ದೇ ಬರೋಕಾಗುತ್ತಾ?" ಅಷ್ಟೇ. ಅದನ್ನು ನೋಡುವ ಅವಕಾಶವೇ ಇಲ್ಲದ ಹುಡುಗಿಯೊಬ್ಬಳು ನಾಗಮಂಗಲದಲ್ಲೋ ಪಿರಿಯಾಪಟ್ಟಣದಲ್ಲೋ ಇರುತ್ತಾಳೆ.

ಅಮೆರಿಕದಲ್ಲಿ ಬೇಸಿಗೆಯ ಫೀಲ್ಡ್ ಕೆಲಸಕ್ಕೆ ಚಳಿಗಾಲದಲ್ಲೇ ಜನರನ್ನು ಹುಡುಕುತ್ತಾರೆ. ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯ ನಡೆಸುವ ಉದ್ಯೋಗ ಪಟ್ಟಿಯಲ್ಲಿ ಕೆಲಸ ಎಲ್ಲಿ, ಯಾವಾಗ ಶುರು, ಸಂಬಳ ಎಷ್ಟು, ಅರ್ಜಿಗೆ ಕೊನೆಯ ದಿನ ಯಾವುದು ಅಂತ ಯಾರು ಬೇಕಾದರೂ ನೋಡಬಹುದು. ಅಲ್ಲಿಯದೆಲ್ಲ ಇಲ್ಲಿಗೆ ಹೊಂದುವುದಿಲ್ಲ, ನಿಜ. ಆದರೆ ಇಷ್ಟನ್ನು ನಾವೂ ಮಾಡಬಹುದು. ಆಗಸ್ಟ್‌ನಲ್ಲೇ ಪ್ರಕಟಣೆ ಹಾಕಿ. "ಅನುಮತಿ ಬಂದರೆ ಕೆಲಸ ಡಿಸೆಂಬರ್‌ನಿಂದ" ಅಂತ ಸ್ಪಷ್ಟವಾಗಿ ಬರೆಯಿರಿ. ಸಂಬಳ ಬರೆಯಿರಿ. "ಅರ್ಹತೆಗೆ ತಕ್ಕಂತೆ" ಅಂತ ಬರೆದರೆ ಓದಿದವರಿಗೆ ಏನೂ ಗೊತ್ತಾಗುವುದಿಲ್ಲ. ಕನ್ನಡದಲ್ಲೂ ಒಂದು ಪ್ರತಿ ಮಾಡಿ ಮೈಸೂರು, ಮಂಡ್ಯ, ಹುಣಸೂರಿನ ಡಿಗ್ರಿ ಕಾಲೇಜುಗಳ ನೋಟಿಸ್ ಬೋರ್ಡಿಗೆ ಕಳಿಸಿ. ಒಂದು ದಿನದ ಓಡಾಟ ಅದು.

ವಿದ್ಯಾರ್ಥಿಗಳೇ, ನಿಮಗೂ ಅದೇ ತಿಂಗಳು. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಬರೆಯಿರಿ. ಬೆಂಗಳೂರಿನಲ್ಲಿ 2010ರಿಂದ ಸ್ಟೂಡೆಂಟ್ ಕಾನ್ಫರೆನ್ಸ್ ಆನ್ ಕನ್ಸರ್ವೇಷನ್ ಸೈನ್ಸ್ ನಡೆಯುತ್ತಿದೆ. ಯುವ ಪರಿಸರ ವಿಜ್ಞಾನಿಗಳೇ ಸೇರಿ ನಡೆಸುವ 'ಯೇತಿ' 2009ರಲ್ಲಿ ಶುರುವಾಯಿತು. ಇಂಥ ಕಡೆ ಹೋದರೆ ಯಾರು ಯಾವ ಪ್ರಾಣಿಯ ಮೇಲೆ ಕೆಲಸ ಮಾಡುತ್ತಿದ್ದಾರೆ ಅಂತ ತಿಳಿಯುತ್ತದೆ, ಟೀ ಕುಡಿಯುವಾಗ ಮಾತಾಡಿಸಬಹುದು. ಇಮೇಲ್ ಬರೆಯುವುದಾದರೆ ಅವರ ಒಂದು ಲೇಖನವನ್ನಾದರೂ ಓದಿ ಬರೆಯಿರಿ. ಒಂದೇ ಪತ್ರವನ್ನು ಹೆಸರು ಬದಲಾಯಿಸಿ ಎಲ್ಲರಿಗೂ ಕಳಿಸಿದರೆ ಓದುವವರಿಗೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ.

ಇನ್ನು ಆಯ್ಕೆ ಮಾಡುವ ವಿಷಯ. ಇದರ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ.

ನಾನು ಮೇಜಿನ ಮುಂದೆ ಕೂರಿಸಿ ಸಂದರ್ಶನ ಮಾಡುವುದಕ್ಕಿಂತ ಕುಕ್ಕರಹಳ್ಳಿ ಕೆರೆಗೆ ಕರೆದುಕೊಂಡು ಹೋಗುವುದು ಹೆಚ್ಚು. ಬೆಳಗ್ಗೆ ಆರು ಗಂಟೆಗೆ ಬರಲು ಹೇಳುತ್ತೇನೆ. ಪ್ರತಿಯೊಬ್ಬರಿಗೂ ಒಂದು ಶೀಟು, ಒಂದು ಪೆನ್ಸಿಲ್. ಸಮಯ, ಹಕ್ಕಿ, ಎಷ್ಟು, ಏನು ಮಾಡುತ್ತಿತ್ತು, ಇಷ್ಟೇ ಕಾಲಂ. ಏರಿಯ ಮೇಲೆ ಒಂದು ಸುತ್ತು ನಡೆದು ಬನ್ನಿ ಅಂತ ಕಳಿಸುತ್ತೇನೆ. ಒಮ್ಮೆ ಬಂದವರಲ್ಲಿ ಒಬ್ಬನ ಪಟ್ಟಿ ಪುಟ ತುಂಬಿತ್ತು. ಎಲ್ಲ ಹಕ್ಕಿಗೂ ಹೆಸರು, ಎಲ್ಲದಕ್ಕೂ ಸಂಖ್ಯೆ. ಮಂಡ್ಯ ಕಡೆಯಿಂದ ಬಂದ ಹುಡುಗಿಯ ಪಟ್ಟಿ ಅದರ ಅರ್ಧವೂ ಇರಲಿಲ್ಲ. ಅವಳು ಒಂದು ಕಡೆ ಬರೆದಿದ್ದಳು: "ಚಿಕ್ಕ ಕಂದು ಹಕ್ಕಿ, ಜೊಂಡಿನ ಒಳಗೆ, ಬಾಲ ಎತ್ತಿ ಎತ್ತಿ ಕುಣಿಸುತ್ತಿತ್ತು, ಗುರುತು ಸಿಗಲಿಲ್ಲ." ಇನ್ನೊಂದು ಕಡೆ ನೀರುಕಾಗೆ 14 ಅಂತ ಬರೆದು ಒಂದೇ ಗೆರೆ ಎಳೆದು ಹೊಡೆದು ಪಕ್ಕದಲ್ಲಿ 11 ಅಂತ ಬರೆದಿದ್ದಳು. ಯಾಕಮ್ಮಾ ಅಂತ ಕೇಳಿದೆ. "ಮೂರು ಹಾರಿ ಬಂದು ಮತ್ತೆ ಅಲ್ಲೇ ಕೂತವು. ಎರಡು ಸಲ ಎಣಿಸಿಬಿಟ್ಟಿದ್ದೆ" ಅಂದಳು. ಹಳೆಯ ಸಂಖ್ಯೆಯನ್ನು ರಬ್ಬರ್ ಹಾಕಿ ಅಳಿಸಿರಲಿಲ್ಲ, ನೋಡಿ. ತಿದ್ದಿದ್ದು ನಮಗೂ ಕಾಣಬೇಕು ಅನ್ನುವುದು ಅವಳಿಗೆ ಯಾರೂ ಹೇಳಿಕೊಡದೆ ಗೊತ್ತಿತ್ತು. ಕೆಲಸ ಅವಳಿಗೆ ಕೊಟ್ಟೆವು. ಹಕ್ಕಿಯ ಹೆಸರು ಒಂದು ತಿಂಗಳಲ್ಲಿ ಕಲಿಸಬಹುದು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಬರೆಯುವ ಗುಣವನ್ನು ಒಂದು ಸೀಸನ್‌ನಲ್ಲಿ ಕಲಿಸುವುದು ಕಷ್ಟ.

ಇದು ಯಾಕೆ ಇಷ್ಟು ಮುಖ್ಯ? ಟ್ರಾನ್ಸೆಕ್ಟ್ ಕೆಲಸವನ್ನೇ ತಗೊಳ್ಳಿ. ಕಾಡಿನಲ್ಲಿ ಗುರುತು ಮಾಡಿದ ನೇರ ಗೆರೆಯ ಮೇಲೆ ಇಬ್ಬರು ಸದ್ದಿಲ್ಲದೆ ನಡೆಯುತ್ತಾರೆ. ಜಿಂಕೆ, ಕಡವೆ, ಕಾಟಿ ಕಂಡರೆ ನಿಂತು, ಗುಂಪಿನಲ್ಲಿ ಎಷ್ಟಿವೆ ಅಂತ ಎಣಿಸಿ, ದಿಕ್ಸೂಚಿಯಿಂದ ಕೋನ, ರೇಂಜ್‌ಫೈಂಡರ್‌ನಿಂದ ದೂರ ಅಳೆದು ಬರೆಯುತ್ತಾರೆ. ಗೆರೆಯಿಂದ ದೂರ ಹೋದಷ್ಟೂ ಪ್ರಾಣಿ ಕಣ್ಣಿಗೆ ಬೀಳುವುದು ಕಡಿಮೆಯಾಗುತ್ತದೆ. ಎಷ್ಟು ಕಡಿಮೆಯಾಗುತ್ತದೆ ಅನ್ನುವುದನ್ನು ಆ ದೂರಗಳಿಂದಲೇ ಲೆಕ್ಕ ಹಾಕಿ, ಕಾಣದೆ ಉಳಿದವು ಎಷ್ಟಿರಬಹುದು ಅಂತ ಅಂದಾಜು ಮಾಡುತ್ತೇವೆ. ಅಂದರೆ ಇಡೀ ಲೆಕ್ಕ ನಿಂತಿರುವುದು ಆ ದೂರದ ಮೇಲೆ. ಸುಸ್ತಾದವರು, ಬೇಸತ್ತವರು ರೇಂಜ್‌ಫೈಂಡರ್ ತೆಗೆಯದೆ ಕಣ್ಣಂದಾಜಿನಲ್ಲಿ ಬರೆಯುತ್ತಾರೆ. ಶೀಟು ನೋಡಿದರೆ 10, 20, 30, 50 ಮೀಟರ್. 37 ಇಲ್ಲ, 43 ಇಲ್ಲ. ಅನುಭವ ಇರುವ ಯಾರಿಗೇ ಆದರೂ ಅದು ತಕ್ಷಣ ಕಣ್ಣಿಗೆ ಹೊಡೆಯುತ್ತದೆ. ಆದರೆ ಅಷ್ಟರಲ್ಲಿ ಸೀಸನ್ ಮುಗಿದಿರುತ್ತದೆ. ಮತ್ತೆ ನಡೆಯಬೇಕು ಅಂದರೆ ಮುಂದಿನ ವರ್ಷವೇ.

ಇನ್ನೊಂದು, ಏನೂ ಕಾಣದ ಬೆಳಗು. ಪೂರ್ತಿ ಗೆರೆ ನಡೆದರೂ ಒಂದು ಜಿಂಕೆಯೂ ಕಾಣಲಿಲ್ಲ. ಆ ದಿನದ ಶೀಟನ್ನೂ ತುಂಬಬೇಕು. ದಿನಾಂಕ, ಶುರುವಾದ ಸಮಯ, ಮುಗಿದ ಸಮಯ, ನಡೆದ ದೂರ, ಕಂಡದ್ದು ಸೊನ್ನೆ. ಹೊಸಬರಿಗೆ ಇದು ಸೋಲಿನ ಥರ ಅನಿಸುತ್ತದೆ. "ಏನೂ ಸಿಗಲಿಲ್ಲ ಅಂದ್ರೆ ಏನಂದುಕೊಳ್ತಾರೋ" ಅಂತ ಭಯ. ಆ ಸೊನ್ನೆಗಳನ್ನು ಬಿಟ್ಟರೆ ಕಾಡಿನಲ್ಲಿ ಇರುವುದಕ್ಕಿಂತ ಜಾಸ್ತಿ ಜಿಂಕೆ ಇದೆ ಅಂತ ನಮ್ಮ ಲೆಕ್ಕ ಹೇಳುತ್ತದೆ. ಸೊನ್ನೆ ಬರೆದ ದಿನ ಬೈಗುಳ ತಿಂದವರು ಮುಂದೆ ಸೊನ್ನೆ ಬರೆಯುವುದಿಲ್ಲ. ಪ್ರಾಜೆಕ್ಟ್ ನಡೆಸುವವರು ಇದನ್ನು ನೆನಪಿಡಬೇಕು.

ಕ್ಯಾಮೆರಾ ಟ್ರ್ಯಾಪ್‌ನಲ್ಲೂ ಹೀಗೇ. ಹುಲಿಯ ಪಟ್ಟೆ ನೋಡಿ ಒಂದೊಂದನ್ನೂ ಗುರುತಿಸಿ ಎಣಿಸುವ ರೀತಿಯನ್ನು ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಮ್ಮ ನಾಗರಹೊಳೆಯಲ್ಲೇ ರೂಪಿಸಿದ್ದು. ಎಡ ಮತ್ತು ಬಲ ಮಗ್ಗುಲಿನ ಪಟ್ಟೆ ಬೇರೆ ಬೇರೆ ಇರುವುದರಿಂದ ದಾರಿಯ ಎರಡೂ ಬದಿಗೆ ಕ್ಯಾಮೆರಾ ಕಟ್ಟುತ್ತೇವೆ, ಹೆಚ್ಚುಕಡಿಮೆ ಮೊಣಕಾಲೆತ್ತರಕ್ಕೆ. ಮುಂದಿನ ಹುಲ್ಲು ಸವರಬೇಕು, ಇಲ್ಲದಿದ್ದರೆ ಗಾಳಿಗೆ ಆಡುವ ಎಲೆಯ ಫೋಟೋಗಳೇ ಕಾರ್ಡ್ ತುಂಬುತ್ತವೆ. ಕಟ್ಟಿದ ಮೇಲೆ ಒಬ್ಬರು ನಾಲ್ಕು ಕಾಲಿನಲ್ಲಿ ಅಂಬೆಗಾಲಿಟ್ಟು ಅದರ ಮುಂದೆ ದಾಟಿ ಸರಿಯಾಗಿ ಹೊಡೆಯುತ್ತಿದೆಯೇ ಅಂತ ನೋಡಬೇಕು. ಕ್ಯಾಮೆರಾದ ದಿನಾಂಕ, ಗಂಟೆ ಸರಿಯಿದೆಯೇ ಅಂತ ನೋಡಬೇಕು. ಬಿಸಿಲಿನಲ್ಲಿ, ಆನೆ ಪಕ್ಕದ ಬಿದಿರು ಮೆಳೆಯಲ್ಲಿದೆ ಅನ್ನುವ ಅನುಮಾನದಲ್ಲಿ, ದಿನದ ಕೊನೆಯ ಕ್ಯಾಮೆರಾಕ್ಕೂ ಇದನ್ನೆಲ್ಲ ತಪ್ಪದೆ ಮಾಡುವವರು ಬೇಕು. 2022ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ 563 ಹುಲಿ ಅಂತ ಪತ್ರಿಕೆಯಲ್ಲಿ ಓದುತ್ತೇವಲ್ವಾ, ಅದರ ಹಿಂದೆ ಇಂಥ ಸಾವಿರಾರು ಸಣ್ಣ ಕೆಲಸಗಳು ಇವೆ. ಅವನ್ನು ಮಾಡಿದವರ ಹೆಸರು ಯಾರಿಗೂ ಗೊತ್ತಿಲ್ಲ.

ಈಗ ದುಡ್ಡಿನ ಮಾತು. ಡೇಟಾಕ್ಕೂ ಇದಕ್ಕೂ ನೇರ ಸಂಬಂಧ ಇದೆ. ನಡೆದ ಕಿಲೋಮೀಟರಿಗೆ ಇಷ್ಟು ಅಂತ ಕೂಲಿ ಕೊಟ್ಟರೆ ನಡೆಯದ ಕಿಲೋಮೀಟರೂ ಶೀಟಿಗೆ ಬರುತ್ತದೆ. ಜ್ವರ ಬಂದ ದಿನ ಸಂಬಳ ಹಿಡಿದರೆ ಜ್ವರದಲ್ಲೇ ಕಾಡಿಗೆ ಬರುತ್ತಾರೆ. ಜ್ವರದಲ್ಲಿ ನಡೆಯುವವನಿಗೆ ಲಂಟಾನ ಪೊದೆಯ ಹಿಂದಿನ ಕಡವೆ ಕಾಣುವುದಿಲ್ಲ, ಆನೆಯೂ ಕಾಣುವುದಿಲ್ಲ. ಆದ್ದರಿಂದ ತಿಂಗಳ ಸಂಬಳ, ವಾರಕ್ಕೊಂದು ರಜೆ, ಕಾಯಿಲೆಗೆ ರಜೆ. ಇದನ್ನು ಪ್ರಾಜೆಕ್ಟಿನ ಅರ್ಜಿ ಬರೆಯುವಾಗಲೇ ಬಜೆಟ್ಟಿನಲ್ಲಿ ಸೇರಿಸಿ. ಕೇಂದ್ರ ಸರ್ಕಾರದ ಜೆಆರ್‌ಎಫ್‌ಗೆ (ಕಿರಿಯ ಸಂಶೋಧಕರಿಗೆ ಕೊಡುವ ಫೆಲೋಶಿಪ್) 2023ರಿಂದ ತಿಂಗಳಿಗೆ 37,000 ರೂಪಾಯಿ ಇದೆ. ಅದರ ಪಕ್ಕದಲ್ಲೇ ಅದೇ ಕಾಡಿನಲ್ಲಿ, ಅದೇ ಹೊತ್ತಿಗೆ ಎದ್ದು ನಡೆಯುವ ಇನ್ನೊಬ್ಬರಿಗೆ "ಅನುಭವ ಸಿಗುತ್ತೆ, ಊಟ ಕೊಡ್ತೀವಿ" ಅಂತ ಹೇಳುವುದು ನನ್ನ ಪ್ರಕಾರ ಅನ್ಯಾಯ. ಆರು ತಿಂಗಳು ಸಂಬಳವಿಲ್ಲದೆ ಇರಲು ಯಾರಿಗೆ ಸಾಧ್ಯ? ಮನೆಯಲ್ಲಿ ಅನುಕೂಲ ಇರುವವರಿಗೆ. ಕೆ.ಆರ್. ಪೇಟೆಯ ಕಬ್ಬು ಬೆಳೆಗಾರರ ಮಗ, ಸಾಲ ಮಾಡಿ ಓದಿದವನು, ಎಷ್ಟೇ ಆಸೆ ಇದ್ದರೂ ಬರಲಾರ. ಹಾಗೆ ಬಿಟ್ಟುಹೋದ ಒಳ್ಳೆಯ ಕಣ್ಣುಗಳು ಎಷ್ಟೋ.

ಹಾಡಿಗಳ, ಅಂದರೆ ಕಾಡಂಚಿನ ಆದಿವಾಸಿ ಊರುಗಳ ಜನರ ಬಗ್ಗೆ ಹೇಳದೆ ಈ ಮಾತು ಮುಗಿಯುವುದಿಲ್ಲ. ನಾಗರಹೊಳೆ, ಬಂಡೀಪುರದ ಸುತ್ತ ಜೇನುಕುರುಬರು, ಬೆಟ್ಟಕುರುಬರು, ಯರವರು, ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು. ನಮ್ಮ ಫೀಲ್ಡ್ ಅಸಿಸ್ಟೆಂಟ್‌ಗಳಲ್ಲಿ ತುಂಬಾ ಜನ ಇವರೇ. ಮುಸುವ ಕೂಗಿದ್ದು ಚಿರತೆಗೋ ಬರೀ ಬೆದರಿಕೆಗೋ, ಲದ್ದಿ ಎಷ್ಟು ಹೊತ್ತಿನದು, ಗಾಳಿ ಯಾವ ಕಡೆಗೆ ತಿರುಗಿತು, ಇವರು ಹೇಳಿದ ಮೇಲೆ ನಮಗೆ ಗೊತ್ತಾಗುವುದು. ನಮ್ಮನ್ನು ಜೀವಂತ ವಾಪಸ್ ಕರೆತರುವವರೂ ಇವರೇ. ಆದರೂ ಇವರ ನೇಮಕಾತಿಯೇ ಎಲ್ಲಕ್ಕಿಂತ ಸಡಿಲ. ಹಿಂದಿನ ರಾತ್ರಿ ಫೋನ್ ಮಾಡಿ "ಬೆಳಗ್ಗೆ ಬಾ" ಅನ್ನುವುದು, ಕೆಲಸ ಇಲ್ಲದಿದ್ದರೆ ಕರೆಯದೇ ಇರುವುದು.

ಎಚ್.ಡಿ. ಕೋಟೆ, ಹುಣಸೂರಿನ ಹಾಡಿಗಳಿಂದ ಚಳಿಗಾಲದಲ್ಲಿ ಎಷ್ಟೋ ಕುಟುಂಬಗಳು ಕೊಡಗಿನ ತೋಟಗಳಿಗೆ ಕಾಫಿ ಕೊಯ್ಯಲು ಹೋಗುತ್ತವೆ. ನಮ್ಮ ಸೀಸನ್ ಶುರುವಾಗುವುದೂ ಆಗಲೇ. ನೀವು ಬರ್ತೀನಿ ಅಂದು ಡಿಸೆಂಬರ್ ಪೂರ್ತಿ ಕಾಯಿಸಿ ಜನವರಿ ಕೊನೆಗೆ ಹೋದರೆ, ಆ ಮನುಷ್ಯನಿಗೆ ಕಾಫಿಯ ಕೂಲಿಯೂ ಹೋಯಿತು, ನಿಮ್ಮ ಸಂಬಳವೂ ಇಲ್ಲ. ಅದಕ್ಕೇ ಹೇಳುವುದು, ಅಕ್ಟೋಬರ್‌ನಲ್ಲೇ ಹಾಡಿಗೆ ಹೋಗಿ. ಯಜಮಾನರ ಜೊತೆ ಕೂತು ಮಾತಾಡಿ. ಎಷ್ಟು ಜನ, ಎಷ್ಟು ತಿಂಗಳು, ಎಷ್ಟು ಸಂಬಳ, ನಮ್ಮ ಕಡೆಯಿಂದ ತಡವಾದರೆ ಆ ದಿನಗಳಿಗೆ ಏನು ಕೊಡುತ್ತೇವೆ, ಎಲ್ಲವನ್ನೂ ಕನ್ನಡದಲ್ಲಿ ಬರೆದು, ಓದಿ ಹೇಳಿ, ಒಂದು ಪ್ರತಿ ಅವರ ಕೈಯಲ್ಲಿ ಬಿಟ್ಟು ಬನ್ನಿ. ಹೆಂಗಸರನ್ನೂ ಕೇಳಿ. ಹಿಕ್ಕೆ, ಗಿಡದ ಸರ್ವೆಗಳಲ್ಲಿ ಅವರ ಕಣ್ಣು ತುಂಬಾ ಚುರುಕು. ಕೆಲಸ ಮುಗಿದ ಮೇಲೆ ವರದಿಯಲ್ಲಿ ಹೆಸರು ಹಾಕಿ. "ಫೀಲ್ಡ್ ಸಿಬ್ಬಂದಿಗೆ ಧನ್ಯವಾದ" ಅಂತ ಒಂದು ಸಾಲು ಬರೆದರೆ ಸಾಲದು.

ಮಳೆಗಾಲದ ಖಾಲಿ ತಿಂಗಳುಗಳಿಗೂ ಒಂದು ದಾರಿ ಇದೆ. ಇದೇ ಊರಿನಲ್ಲಿ ಹುಲಿಯ ಪ್ರಾಜೆಕ್ಟ್ ಇದೆ, ಕಪ್ಪೆಯದ್ದೂ ಇದೆ. ಒಣಗಾಲದಲ್ಲಿ ನಿಮ್ಮ ಹತ್ತಿರ ಪಳಗಿದವರನ್ನು ಜೂನ್‌ನಲ್ಲಿ ಅವರಿಗೆ ಕಳಿಸಿ. ಕೆರೆ ಹಕ್ಕಿ ಎಣಿಸುವವರ ಹತ್ತಿರ ಕಲಿತವರನ್ನು ನೀವು ಕರೆಯಿರಿ. ಯಾರು, ಏನು ಬರುತ್ತದೆ, ಯಾವ ತಿಂಗಳು ಬಿಡುವಾಗಿದ್ದಾರೆ, ಅವರ ಒಪ್ಪಿಗೆ ಪಡೆದು ಒಂದು ಪಟ್ಟಿ ಇಟ್ಟುಕೊಂಡರೆ ಸಾಕು. ಮುಂದಿನ ಸಾಲಿನವರು ಇವತ್ತು ಈ ಹಾಲ್ ಬಿಡುವ ಮುಂಚೆ ಇದನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ತೀರ್ಮಾನ ಮಾಡಿ ಎದ್ದರೆ ನನಗೆ ತುಂಬಾ ಸಂತೋಷ.

ಸುರಕ್ಷತೆ. ಇನ್ಶೂರೆನ್ಸ್ ಇಲ್ಲದೆ ಯಾರನ್ನೂ ಕಾಡಿಗೆ ಕಳಿಸಬೇಡಿ, ಹಾಡಿಯವರನ್ನೂ ಸೇರಿಸಿ. ಹಾವಿನ ವಿಷಕ್ಕೆ ಔಷಧಿ ಇರುವ ಹತ್ತಿರದ ಆಸ್ಪತ್ರೆ ಯಾವುದು, ರಾತ್ರಿ ಹೊತ್ತು ಯಾವ ಗಾಡಿಯಲ್ಲಿ ಹೋಗುವುದು, ಇದನ್ನು ಮೊದಲ ದಿನವೇ ಗೋಡೆಗೆ ಬರೆದು ಅಂಟಿಸಿ. ಉಣುಗುಗಳಿಂದ ಹರಡುವ ಮಂಗನ ಕಾಯಿಲೆ ಮಲೆನಾಡಿನದು ಮಾತ್ರ ಅಂದುಕೊಳ್ಳಬೇಡಿ, 2012ರಲ್ಲಿ ಬಂಡೀಪುರದಲ್ಲೂ ಕಾಣಿಸಿಕೊಂಡಿತ್ತು. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಇಲಾಖೆಗೆ ತಿಳಿಸಿ. ಹೆಣ್ಣುಮಕ್ಕಳಿಗೆ ಚಿಲಕ ಇರುವ ಕೋಣೆ, ಶೌಚಾಲಯ ಇರಲೇಬೇಕು. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಟ್ರೈನಿಗಳಿಗೆ, ಸ್ವಯಂಸೇವಕರಿಗೂ ಅನ್ವಯಿಸುತ್ತದೆ. ದೂರು ಯಾರಿಗೆ ಕೊಡಬೇಕು ಅನ್ನುವುದನ್ನು ಕೆಲಸಕ್ಕೆ ಸೇರುವ ದಿನವೇ ಹೇಳಿ. ಫೀಲ್ಡ್ ಕ್ಯಾಂಪಿನಲ್ಲಿ ಫೋನ್ ಸಿಗುವುದಿಲ್ಲ. ಅಲ್ಲಿರುವವರಿಗೆ ಹೊರಗಿನ ಒಬ್ಬರ ಜೊತೆ ವಾರಕ್ಕೊಮ್ಮೆಯಾದರೂ ಖಾಸಗಿಯಾಗಿ ಮಾತಾಡುವ ಏರ್ಪಾಡು ಇರಲಿ.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆ ಬಂದವು. ಎರಡನ್ನು ಇಲ್ಲಿ ಸೇರಿಸುತ್ತೇನೆ.

ಮಳವಳ್ಳಿಯ ವಿದ್ಯಾರ್ಥಿಯೊಬ್ಬ ಕೇಳಿದ: "ನನಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ. ನನ್ನನ್ನ ತಗೊಳ್ತಾರಾ?" ತಗೊಳ್ಳಬೇಕಪ್ಪ. ಅರಣ್ಯ ಇಲಾಖೆಯ ವಾಚರ್ ಜೊತೆ, ರೇಂಜ್ ಆಫೀಸಿನಲ್ಲಿ, ಹಾಡಿಯಲ್ಲಿ ಆಡುವ ಮಾತು ಕನ್ನಡವೇ. ಅದು ಬರದೆ ಒದ್ದಾಡುವವರನ್ನು ನಾನು ನೋಡಿದ್ದೇನೆ. ನಿನ್ನ ಅರ್ಜಿಯಲ್ಲಿ ಅದನ್ನು ಮೊದಲ ಸಾಲಿನಲ್ಲೇ ಬರಿ. ಬೈಕು, ಜೀಪು ಓಡಿಸಲು ಲೈಸೆನ್ಸ್ ಇದ್ದರೆ ಅದನ್ನೂ ಬರಿ, ಅಡುಗೆ ಬಂದರೆ ಅದನ್ನೂ. ಪೇಪರ್ ಓದುವಷ್ಟು, ಡೇಟಾ ಶೀಟ್ ತುಂಬುವಷ್ಟು ಇಂಗ್ಲಿಷ್ ಕೆಲಸ ಮಾಡುತ್ತಾ ಬರುತ್ತದೆ. ಮುಂದೆ ಎಂ.ಎಸ್ಸಿ. ವನ್ಯಜೀವಿ ವಿಜ್ಞಾನ, ಸಂಶೋಧನೆ ಅಂತ ಹೋಗುವುದಾದರೆ ಜಾಸ್ತಿ ಬೇಕಾಗುತ್ತದೆ, ಅದಕ್ಕೆ ಈಗಿನಿಂದಲೇ ದಿನಾ ಒಂದು ಪುಟ ಓದು.

ಇನ್ನೊಬ್ಬಳು ಕೇಳಿದಳು: "ಅನುಭವ ಇಲ್ಲ ಅಂತ ಯಾರೂ ಕರೆಯಲ್ಲ. ಕರೆಯದೆ ಅನುಭವ ಹೇಗೆ ಬರುತ್ತೆ?" ಸರಿಯಾದ ಪ್ರಶ್ನೆ. ನಿಮ್ಮ ಊರಿನ ಕೆರೆ ಇದೆಯಲ್ಲ, ಇಲ್ಲಿ ಇರುವವರಿಗೆ ಲಿಂಗಾಂಬುಧಿ ಇದೆ. ವಾರಕ್ಕೊಂದು ದಿನ, ಅದೇ ಹೊತ್ತಿಗೆ, ಅದೇ ದಾರಿಯಲ್ಲಿ ನಡೆದು ಹಕ್ಕಿ ಎಣಿಸಿ. ಹಕ್ಕಿ ದಾಖಲೆ ಸೇರಿಸುವ ಇ-ಬರ್ಡ್ ವೆಬ್‌ಸೈಟಿಗೆ ಹಾಕಿ, ಅದು ಪುಕ್ಕಟೆ. ಮಳೆ ಬಂದು ಏನೂ ಕಾಣದ ದಿನವನ್ನೂ ಬರೆಯಿರಿ. ಜೂನ್‌ನಲ್ಲಿ ಶುರು ಮಾಡಿದರೆ ಅಕ್ಟೋಬರ್ ಹೊತ್ತಿಗೆ ನಿಮ್ಮ ಹತ್ತಿರ ಒಂದು ನೋಟ್‌ಬುಕ್ ಇರುತ್ತದೆ. ಸಂದರ್ಶನಕ್ಕೆ ಬರುವಾಗ ಅದನ್ನೇ ತನ್ನಿ. ಚೆನ್ನಾಗಿ ಕಾಣಲಿ ಅಂತ ಫೇರ್ ಕಾಪಿ ಮಾಡಬೇಡಿ, ಕೆರೆ ಏರಿಯ ಮೇಲೆ ನಿಂತು ಬರೆದ ಪುಟಗಳೇ ಇರಲಿ.